ದುಡಿಮೆ ಒಂದೇ, ಕೂಲಿ ಬೇರೆ

ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಅಮೆರಿಕದ ಕೃಷಿ ಕಾರ್ಮಿಕರ ಇತಿಹಾಸವನ್ನು ಗಮನಿಸಿದರೆ, ಕೂಲಿಯನ್ನು ನಿರ್ಧರಿಸಿದ್ದು ಕೆಲಸವೊಂದೇ ಅಲ್ಲ. ದುಡಿಯುವವನ ಜನಾಂಗ ಮತ್ತು ಸಂಸಾರ ಸ್ಥಿತಿಯೂ ಹೌದು ಎಂಬುದು ಕಂಡುಬರುತ್ತದೆ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಬಿಡುಗಡೆ ಹೊಂದಿದ ಕಪ್ಪು ಜನರಲ್ಲಿ ಬಹುತೇಕರಿಗೆ ಭೂಮಿ ಸಿಗಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವರು ಹತ್ತಿ ಹೊಲಗಳನ್ನು ಪಾಲಿಗೆ ಮಾಡತೊಡಗಿದರು. ಸಾಮಾನ್ಯವಾಗಿ ಅರ್ಧ ಬೆಳೆ ಮಾಲೀಕನಿಗೆ. ದೊಡ್ಡ ಸಂಸಾರವುಳ್ಳವನಿಗೇ ಹೆಚ್ಚು ಬೇಡಿಕೆ. ಏಕೆಂದರೆ ಹೆಂಡತಿ, ಮಕ್ಕಳು ಎಲ್ಲರೂ ಹತ್ತಿ ಬಿಡಿಸುತ್ತಿದ್ದರು. ಅವರಿಗೆ ಪ್ರತ್ಯೇಕ ಕೂಲಿ ಇರಲಿಲ್ಲ. ಲೆಕ್ಕವೆಲ್ಲ ಮನೆಯ ಯಜಮಾನನ ಹೆಸರಿನಲ್ಲಿ. ಬೀಜ, ದಿನಸಿಯ ಸಾಲ ಮುರಿದುಕೊಂಡ ಮೇಲೆ ಎಷ್ಟೋ ಮಂದಿಗೆ ಏನೂ ಉಳಿಯುತ್ತಿರಲಿಲ್ಲ. ಬಡ ಬಿಳಿಯರೂ ಪಾಲುಗಾರರಾಗಿದ್ದರು. ಆದರೆ ಮತದಾನದ ಹಕ್ಕನ್ನೂ ಕಳೆದುಕೊಂಡ ಕಪ್ಪು ಪಾಲುಗಾರನಿಗೆ ಮಾಲೀಕನ ಲೆಕ್ಕವನ್ನು ಪ್ರಶ್ನಿಸುವುದೇ ಅಪಾಯವಾಗಿತ್ತು.

ಪಶ್ಚಿಮದ ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಒಂಟಿ ಗಂಡಸರಿಗೆ ಬೇಡಿಕೆಯಿತ್ತು. ಅಲ್ಲಿಗೆ ಬಂದ ಫಿಲಿಪಿನೋ ಕೂಲಿಗಳಲ್ಲಿ ಹೆಚ್ಚಿನವರು ಅವಿವಾಹಿತರು. ಅವರು ಬಿಳಿಯ ಹೆಂಗಸರನ್ನು ಮದುವೆಯಾಗದಂತೆ 1933ರಲ್ಲಿ ಕಾನೂನೇ ತಡೆಯಿತು. ಅದು 1948ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. 1942ರಿಂದ 1964ರವರೆಗೆ ಬ್ರಸೇರೋ ಯೋಜನೆಯಡಿ ಮೆಕ್ಸಿಕೋದ ಗಂಡಸರನ್ನು ಸುಮಾರು 46 ಲಕ್ಷ ಕರಾರುಗಳ ಮೂಲಕ ಕರೆಸಲಾಯಿತು. ಸಂಸಾರ ಮಾತ್ರ ಊರಿನಲ್ಲೇ. ಒಂಟಿ ಗಂಡಸಿಗೆ ಮನೆ ಬೇಡ, ಮಕ್ಕಳಿಗೆ ಶಾಲೆ ಬೇಡ. ಸುಗ್ಗಿ ಮುಗಿದರೆ ಕಳುಹಿಸಿಬಿಡಬಹುದು. ಹೀಗೆ ಒಂದೆಡೆ ಸಂಸಾರವನ್ನು ಹೊಲಕ್ಕೆ ಎಳೆದರು, ಇನ್ನೊಂದೆಡೆ ದೂರವಿಟ್ಟರು. ಲಾಭ ಎರಡೂ ಕಡೆ ಮಾಲೀಕನದೇ.

ಕಾನೂನೂ ನೆರವಿಗೆ ಬರಲಿಲ್ಲ. 1938ರಲ್ಲಿ ಗಂಟೆಗೆ 25 ಸೆಂಟ್ ಕನಿಷ್ಠ ವೇತನ ಗೊತ್ತುಪಡಿಸಿದಾಗ ಕೃಷಿ ಕಾರ್ಮಿಕರನ್ನು ಹೊರಗಿಡಲಾಯಿತು. 1966ರ ತಿದ್ದುಪಡಿಯಿಂದ ದೊಡ್ಡ ತೋಟಗಳ ಕೂಲಿಗಳಿಗೆ 1 ಡಾಲರ್ ನಿಗದಿಯಾಯಿತು. ಮೊದಲೇ ಕಾನೂನಿನ ವ್ಯಾಪ್ತಿಯಲ್ಲಿದ್ದ ಕಾರ್ಮಿಕರಿಗೆ ಆಗ 1.40 ಡಾಲರ್.

ಒಂದು ಜನಾಂಗದ ಮುಷ್ಕರವನ್ನು ಇನ್ನೊಂದು ಜನಾಂಗದ ಕೂಲಿಗಳಿಂದ ಮುರಿಯುವುದು ಮಾಲೀಕರ ಹಳೆಯ ತಂತ್ರ. 1965ರ ಸೆಪ್ಟೆಂಬರ್ 8ರಂದು ಡೆಲಾನೋದಲ್ಲಿ ಲ್ಯಾರಿ ಇಟ್ಲಿಯಾಂಗ್ ನೇತೃತ್ವದಲ್ಲಿ ಫಿಲಿಪಿನೋ ದ್ರಾಕ್ಷಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ವಾರ ಕಳೆಯುವಷ್ಟರಲ್ಲಿ ಸೀಸರ್ ಚಾವೆಜ್ ಅವರ ಸಂಘದ ಮೆಕ್ಸಿಕನ್ ಮೂಲದ ಕೂಲಿಗಳು ಅವರನ್ನು ಕೂಡಿಕೊಂಡರು. ಐದು ವರ್ಷಗಳ ಹೋರಾಟದ ನಂತರ, 1970ರಲ್ಲಿ, ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು.

ವಿದ್ಯಾರ್ಥಿಗಳೇ, ಲೆಕ್ಕ ಓದಬಲ್ಲವನು ಮೋಸವನ್ನು ಗುರುತಿಸಬಲ್ಲ. ಆದರೆ ಅದನ್ನು ತಡೆಯಲು ಪಕ್ಕದ ಸಾಲಿನಲ್ಲಿ ದುಡಿಯುವವನ ಕೈಯನ್ನೂ ಹಿಡಿಯಬೇಕು. ಡೆಲಾನೋದ ಪಾಠ ಇದೇ.