ಕಿತ್ತೂರಿನ ಸೆರೆಯಾಳು

ಮಲಪ್ರಭೆಯ ತೀರದ ಎಂ.ಕೆ. ಹುಬ್ಬಳ್ಳಿಯು ಶರಣಸಂಪ್ರದಾಯದವರಿಗೆ ಪೂಜ್ಯವಾದ ಸ್ಥಳವು. 12ನೆಯ ಶತಮಾನದಲ್ಲಿ ಕಲ್ಯಾಣಪಟ್ಟಣದಲ್ಲಿ ವಿಪ್ಲವವುಂಟಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ, ಬಸವಣ್ಣನವರ ಧರ್ಮಪತ್ನಿಯಾದ ಗಂಗಾಂಬಿಕೆಯವರು ಈ ಕಡೆಗೆ ಬಂದು ಇಲ್ಲಿಯೇ ಲಿಂಗೈಕ್ಯರಾದರೆಂಬುದು ಜನರ ನಂಬಿಕೆ. ಅವರ ಐಕ್ಯಮಂಟಪಕ್ಕೆ ಭಕ್ತರು ಇಂದಿಗೂ ನಡೆದುಕೊಳ್ಳುವರು. ದುರ್ವಾರ್ತೆಗಳನ್ನೇ ಕೇಳುತ್ತ ದಾರಿ ಸವೆಸಿದ ಸಾಧ್ವಿಯ ನೆನಪುಳ್ಳ ಈ ಊರಿಗೆ ಅನತಿದೂರದಲ್ಲಿಯೇ ಕಿತ್ತೂರಿನ ಹಾಳುಕೋಟೆಯಿರುವುದು. ಅಲ್ಲಿಯೂ ಒಬ್ಬ ಸ್ತ್ರೀಯು ದುಃಖದ ನಡುವೆ ತನ್ನ ಧರ್ಮವನ್ನು ನಿಶ್ಚಯಿಸಿಕೊಳ್ಳಬೇಕಾಯಿತು.

1824ನೆಯ ಇಸವಿಯ ಸಪ್ಟಂಬರದಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಠ್ಯಾಕರೆಯು ಒಪ್ಪದೆ ಭಾಂಡಾರಕ್ಕೆ ಮುದ್ರೆ ಹಾಕಿಸಿದನು. ಮಲ್ಲಸರ್ಜನ ವಿಧವೆಯೂ ತೀರಿಕೊಂಡ ದೇಸಾಯಿಯ ಮಲತಾಯಿಯೂ ಆದ ರಾಣಿ ಚೆನ್ನಮ್ಮನು ಇದಕ್ಕೆ ತಲೆಬಾಗಲಿಲ್ಲ. ಅಕ್ಟೋಬರ 23ರಂದು ಠ್ಯಾಕರೆಯು ತೋಪುಗಳೊಡನೆ ಕೋಟೆಯ ಬಾಗಿಲಿಗೆ ಬಂದಾಗ ಯುದ್ಧವಾಯಿತು. ಅವನೂ ಅವನೊಡನಿದ್ದ ಕೆಲವರು ಸೇನಾಧಿಕಾರಿಗಳೂ ಮಡಿದರು. ಅವನ ಕೈಕೆಳಗಿನ ಸ್ಟೀವನ್‌ಸನ್ ಮತ್ತು ವಾಲ್ಟರ್ ಇಲಿಯಟ್ ಎಂಬಿಬ್ಬರು ಸೆರೆಸಿಕ್ಕರು. ಇಲಿಯಟ್‌ನು ಆಗ 21 ವರ್ಷದ ತರುಣನು.

ಮನೆಯ ಸೂತಕ ಮಾಸಿರಲಿಲ್ಲ. ಹೊರಗೆ ಜನರ ಕೋಪವು ಉರಿಯುತ್ತಲಿತ್ತು. ಸೆರೆಯಾಳುಗಳ ಪ್ರಾಣವು ಕೂದಲೆಳೆಯಲ್ಲಿ ತೂಗುತ್ತಿದ್ದಿತು. ಆದರೂ ಅವರಿಬ್ಬರೂ ಬದುಕಿ ಉಳಿದರು. ಸಂಧಾನಕ್ಕೆ ಒತ್ತೆಯಾಳುಗಳು ಬೇಕೆಂಬ ರಾಜನೀತಿಯೂ ಇದರಲ್ಲಿ ಇದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ಕೆಲವು ವಾರಗಳ ತರುವಾಯ ಅವರನ್ನು ಕೂದಲೂ ಕೊಂಕದಂತೆ ಬಿಟ್ಟುಕೊಟ್ಟುದು ಕೇವಲ ರಾಜನೀತಿಯಲ್ಲ. ಸೇಡು ತೀರಿಸಿಕೊಳ್ಳುವ ಶಕ್ತಿಯಿದ್ದೂ ಕೈ ತಡೆದುದು ಅದು. ಸಂಧಿಯಾಗುವುದೆಂಬ ಭರವಸೆಯಿಂದಲೇ ರಾಣಿಯು ಹಾಗೆ ಮಾಡಿದಳೆಂದು ನಾಡಿನ ಚರಿತ್ರಕಾರರು ಬರೆದಿರುವರು.

ಸಂಧಿಯಾಗಲಿಲ್ಲ. ಕುಂಪಣಿಯ ದೊಡ್ಡ ಸೈನ್ಯವು ಮುತ್ತಿಗೆ ಹಾಕಿ ಡಿಸೆಂಬರದ ಮೊದಲ ವಾರದಲ್ಲಿ ಕೋಟೆಯನ್ನು ಹಿಡಿಯಿತು. ಬಿಟ್ಟುಕೊಟ್ಟವಳೇ ಈಗ ಸೆರೆಯಾದಳು. ಚೆನ್ನಮ್ಮನು ಬೈಲಹೊಂಗಲದ ಬಂಧನದಲ್ಲಿಯೇ 1829ರ ಫೆಬ್ರುವರಿಯಲ್ಲಿ ದೇಹವಿಟ್ಟಳು. ಅವಳ ಸಮಾಧಿಯು ಅಲ್ಲಿಯೇ ಇರುವುದು. ಮುಂದೆ ಕಿತ್ತೂರಿಗಾಗಿ ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಗೆದ್ದವರಲ್ಲಿ ಕ್ಷಮೆಯು ಕಾಣಲಿಲ್ಲ.

ಹಾಗಾದರೆ ರಾಣಿಯ ಔದಾರ್ಯವು ನಿಷ್ಫಲವಾಯಿತೇ? ಈ ಪ್ರಶ್ನೆಗೆ ಆ ಸೆರೆಯಾಳಿನ ಮುಂದಿನ ಬಾಳನ್ನು ನೋಡಬೇಕು. ಇಲಿಯಟ್‌ನು 1833ರವರೆಗೆ ಈ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದನು. ತನ್ನನ್ನು ಸೆರೆಯಿಟ್ಟ ನಾಡಿನ ಮೇಲೆ ಹಗೆಯನ್ನು ಸಾಧಿಸುವುದರ ಬದಲು, ಅದರ ಗುಡಿಗಳಲ್ಲಿಯೂ ಹೊಲಗಳಲ್ಲಿಯೂ ಯಾರೂ ಓದದೆ ಬಿದ್ದಿದ್ದ ಶಿಲಾಶಾಸನಗಳನ್ನು ದೇಶೀಯ ವಿದ್ವಾಂಸರ ನೆರವಿನಿಂದ ಪ್ರತಿ ಮಾಡಿಸತೊಡಗಿದನು. ಅವನು ಕೂಡಿಸಿದ ಪ್ರತಿಗಳು 595. ಅವುಗಳ ಆಧಾರದಿಂದ ಬರೆದ ಪ್ರಬಂಧವು 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಾಲುಕ್ಯ, ಕಳಚುರಿ, ಯಾದವ, ಹೊಯ್ಸಳ ವಂಶಗಳ ಕ್ರಮವು ಶಾಸನಾಧಾರದಿಂದ ತಿಳಿಯತೊಡಗಿದುದಕ್ಕೆ ಅದು ಪ್ರಾರಂಭಗಳಲ್ಲೊಂದು. ಮುಂದೆ ಫ್ಲೀಟ್ ಮೊದಲಾದವರೂ ಆ ಸಂಗ್ರಹವನ್ನು ಉಪಯೋಗಿಸಿಕೊಂಡರು. ಗಂಗಾಂಬಿಕೆಯವರ ಕಾಲದಲ್ಲಿ ಕಲ್ಯಾಣವನ್ನಾಳಿದ ಬಿಜ್ಜಳನು ಈ ಕಳಚುರಿ ವಂಶದವನೇ.

ಇಲಿಯಟ್‌ನು ಮನಸ್ಸಿನಲ್ಲಿ ಏನನ್ನು ಕ್ಷಮಿಸಿದನೋ ಅವನೇ ಬಲ್ಲನು. ಅವನು ಕುಂಪಣಿಯ ಸೇವಕನು. ಕಿತ್ತೂರಿಗಾದ ಅನ್ಯಾಯವನ್ನು ಅವನ ವಿದ್ವತ್ತೆಯು ತೊಳೆಯಲಾರದು. ಆದರೆ ಅಂದು ಕೋಪದ ಕೈ ಮೇಲಾಗಿದ್ದರೆ ಆ 595 ಪ್ರತಿಗಳು ಅವನಿಂದ ಆಗುತ್ತಿರಲಿಲ್ಲ. ಕೆಲವು ಕಲ್ಲುಗಳು ಓದುವವರಿಲ್ಲದೆ ಸವೆದುಹೋಗುತ್ತಿದ್ದುವು. ಕ್ಷಮಿಸಿದವಳಿಗೆ ಫಲವು ದೊರೆಯಲಿಲ್ಲ. ಅವಳ ನಾಡಿಗೆ ದೊರೆಯಿತು.

ಸಂಸ್ಕೃತದಲ್ಲಿ ‘ಕ್ಷಮಾ’ ಎಂಬ ಶಬ್ದಕ್ಕೆ ತಾಳ್ಮೆಯೆಂಬ ಅರ್ಥವಿರುವಂತೆ ಭೂಮಿಯೆಂಬ ಅರ್ಥವೂ ಉಂಟು. ಭೂಮಿಯು ಅಗೆದವನನ್ನೂ ಹೊರುವುದು. ಬಿತ್ತಿದುದನ್ನು ಬಿತ್ತಿದವನ ಕಾಲ ಕಳೆದ ಮೇಲೆಯೂ ಬೆಳೆಯುವುದು. ಕ್ಷಮೆಯೆಂದರೆ ಅನ್ಯಾಯವನ್ನು ಮರೆಯುವುದಲ್ಲ. ಕಿತ್ತೂರು ಮರೆಯಲೂ ಇಲ್ಲ, ರಾಯಣ್ಣನ ಕತ್ತಿಯೇ ಇದಕ್ಕೆ ಸಾಕ್ಷಿ. ಕೈಗೆ ಸಿಕ್ಕ ನಿರಾಯುಧನ ಮೇಲೆ ತನ್ನ ದುಃಖವನ್ನು ತೀರಿಸಿಕೊಳ್ಳದಿರುವುದೇ ಕ್ಷಮೆಯು. ದುರ್ವಾರ್ತೆಯು ಬಂದ ದಿನ ಮನುಷ್ಯನ ವಶದಲ್ಲಿ ಉಳಿಯುವುದು ಇಷ್ಟೇ. ಇಷ್ಟು ಉಳಿದರೆ ಅದು ಅಲ್ಪವಲ್ಲ.