ತಂಡದಲ್ಲಿ ಯಾಕಿಲ್ಲ ನೇಪಿಯಾ?

‘ಇನ್ವಿಕ್ಟಸ್’ ಸಿನಿಮಾ ನೋಡಿದವರಿಗೆ ದಕ್ಷಿಣ ಆಫ್ರಿಕಾ–ನ್ಯೂಜಿಲೆಂಡ್ ರಗ್ಬಿ ಅಂದ್ರೆ 1995ರ ವಿಶ್ವಕಪ್ ಫೈನಲ್. ಹಸಿರು ಜೆರ್ಸಿ ತೊಟ್ಟ ಮಂಡೇಲಾ, ಹೆಚ್ಚುವರಿ ಸಮಯದಲ್ಲಿ ಸ್ಟ್ರಾನ್ಸ್ಕಿ ಒದ್ದ ಡ್ರಾಪ್ ಗೋಲ್, 15–12. ಒಳ್ಳೇ ಕತೆಯೇ. ಆದರೆ ಅದು ಕೊನೆಯ ರೀಲು. ಅದರ ಹಿಂದಿನ ಎಪ್ಪತ್ತು ಚಿಲ್ಲರೆ ವರ್ಷಗಳೇ ನನ್ನನ್ನು ಹೆಚ್ಚು ಕಾಡೋದು, ಯಾಕಂದ್ರೆ ಅಲ್ಲಿ ತಪ್ಪು ಒಂದೇ ದೇಶದ್ದಲ್ಲ.

ಮೊದಲ ಟೆಸ್ಟ್ ನಡೆದದ್ದು 1921ರಲ್ಲಿ, ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ. ಆತಿಥೇಯರು 13–5ರಿಂದ ಗೆದ್ದರು. ಅದೇ ಪ್ರವಾಸದಲ್ಲಿ ಆ ನಾಡಿನ ಮೂಲನಿವಾಸಿ ಮಾವೊರಿಗಳ ತಂಡದ ಜೊತೆಗೂ ಒಂದು ಪಂದ್ಯವಿತ್ತು. ಬಿಳಿಯ ಪ್ರೇಕ್ಷಕರು ಮಾವೊರಿಗಳಿಗೆ ಜೈಕಾರ ಹಾಕಿದ್ದು ಕಂಡು, ತಂಡದ ಜೊತೆ ಬಂದಿದ್ದ ಪತ್ರಕರ್ತನೊಬ್ಬ ಅಸಹ್ಯಪಟ್ಟು ಊರಿಗೆ ತಂತಿ ಕಳಿಸಿದ. ಅದು ಹೇಗೋ ಸೋರಿ ಅಲ್ಲಿನ ಪತ್ರಿಕೆಯಲ್ಲೇ ಅಚ್ಚಾಯಿತು!

ಇಷ್ಟಾದ ಮೇಲೆ ನ್ಯೂಜಿಲೆಂಡ್ ಏನು ಮಾಡಬೇಕಿತ್ತು? 1928ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ತನ್ನ ಮಾವೊರಿ ಆಟಗಾರರನ್ನೇ ಮನೆಯಲ್ಲಿ ಬಿಟ್ಟುಹೋಯಿತು. ಬಿಟ್ಟದ್ದು ಯಾರನ್ನ ಗೊತ್ತಾ? ಜಾರ್ಜ್ ನೇಪಿಯಾ. 1924–25ರಲ್ಲಿ ಬ್ರಿಟನ್ನಿನಲ್ಲಿ ಒಂದೂ ಪಂದ್ಯ ಸೋಲದೆ ಬಂದ ತಂಡದ ಫುಲ್‌ಬ್ಯಾಕ್, ಆಗ ಹತ್ತೊಂಬತ್ತರ ಹುಡುಗ. 1949ರಲ್ಲೂ ಇದೇ ಕತೆ. 4–0 ಸೋತು ಬಂದರು. 1960ರಲ್ಲೂ ಇದೇ. ‘ಮಾವೊರಿಗಳಿಲ್ಲದಿದ್ದರೆ ಪ್ರವಾಸವೂ ಬೇಡ’ ಅಂತ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಇಡೀ ದೇಶದ ಜನಸಂಖ್ಯೆ 25 ಲಕ್ಷವೂ ಇಲ್ಲದ ಕಾಲದಲ್ಲಿ. ಮಂಡಳಿಯವರ ವಾದ ಮಾತ್ರ ನಾಜೂಕಿನದು: ಕರೆದೊಯ್ದರೆ ಅಲ್ಲಿ ಅವರಿಗೇ ಅವಮಾನ, ಅವರ ಒಳ್ಳೇದಕ್ಕೇ ಬಿಡ್ತಿದೀವಿ.

ಹಳ್ಳಿಯಲ್ಲಿ ಬೆಳೆದ ನನಗೆ ಈ ಧಾಟಿ ಹೊಸದೇನಲ್ಲ. ‘ಪಂಕ್ತಿಗೆ ಕರೆದರೆ ಪಾಪ ಅವನಿಗೇ ಮುಜುಗರ, ಬಿಡಿ’ ಅನ್ನೋ ಕಾಳಜಿ ಕೇಳಿಯೇ ದೊಡ್ಡವನಾದದ್ದು.

1970ರಲ್ಲಿ ಕಡೆಗೂ ಮಾವೊರಿಗಳು ಹೋದರು. ಹೇಗೆ? ‘ಗೌರವ ಬಿಳಿಯರು’ ಅನ್ನಿಸಿಕೊಂಡು. ಗೌರವ ಡಾಕ್ಟರೇಟ್ ಇದ್ದ ಹಾಗೆ! 1974ರ ಡೇವಿಸ್ ಕಪ್ ಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾ ಜೊತೆ ಆಡೋದೇ ಇಲ್ಲ ಅಂತ ನಮ್ಮ ಭಾರತ ಕಪ್ಪನ್ನೇ ಬಿಟ್ಟುಕೊಟ್ಟಿತು. ನ್ಯೂಜಿಲೆಂಡ್ ಮಾತ್ರ 1976ರಲ್ಲಿ, ಸೊವೆಟೊದಲ್ಲಿ ಪೊಲೀಸರು ಶಾಲಾಮಕ್ಕಳ ಮೇಲೆ ಗುಂಡು ಹಾರಿಸಿದ ಎರಡೇ ವಾರಕ್ಕೆ, ಅಲ್ಲಿ ಆಡಲಿಕ್ಕಿಳಿಯಿತು. ಇದೇ ಸಿಟ್ಟಿಗೆ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಬಹಿಷ್ಕರಿಸಿದವು.

1981ರಲ್ಲಿ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡಿಗೆ ಬಂದಾಗ ಜನರೇ ಬೀದಿಗಿಳಿದರು. ನಾಯಕ ಗ್ರಹಾಂ ಮೌರಿ ಆಡೋದಿಲ್ಲ ಅಂದುಬಿಟ್ಟ. ಹ್ಯಾಮಿಲ್ಟನ್‌ನಲ್ಲಿ ಪ್ರತಿಭಟನಕಾರರು ಬೇಲಿ ಕಿತ್ತು ಮೈದಾನಕ್ಕೆ ನುಗ್ಗಿ, ಪಂದ್ಯವೇ ರದ್ದಾಯಿತು. ಆಕ್ಲೆಂಡಿನ ಕೊನೆಯ ಟೆಸ್ಟಿನಲ್ಲಿ ಪುಟ್ಟ ಸೆಸ್ನಾ ವಿಮಾನವೊಂದು ತಲೆ ಸವರುವಷ್ಟು ಕೆಳಗೆ ಹಾರಿ ಹಿಟ್ಟಿನ ಪೊಟ್ಟಣ ಸುರಿಸಿತು. ಒಂದು ಪೊಟ್ಟಣ ನ್ಯೂಜಿಲೆಂಡಿನವನೇ ಆದ ಗ್ಯಾರಿ ನೈಟ್‌ಗೆ ಬಡಿದು ಆತ ನೆಲಕ್ಕುರುಳಿದ. ಆಟ ನಿಲ್ಲಲಿಲ್ಲ; ಕೊನೆಗಳಿಗೆಯ ಪೆನಾಲ್ಟಿಯಿಂದ ನ್ಯೂಜಿಲೆಂಡ್ 25–22ಕ್ಕೆ ಗೆದ್ದಿತು. ಆ ಗೆಲುವನ್ನು ಅರ್ಧ ದೇಶ ಸಂಭ್ರಮಿಸಲಿಲ್ಲ.

ಬಿಟ್ಟುಹೋದ ಮಾವೊರಿ ಆಟಗಾರರ ಕ್ಷಮೆಯನ್ನು ಎರಡೂ ದೇಶಗಳ ರಗ್ಬಿ ಮಂಡಳಿಗಳು ಕೇಳಿದ್ದು 2010ರಲ್ಲಿ. ನೇಪಿಯಾ ತೀರಿಕೊಂಡು ಆಗಲೇ ಇಪ್ಪತ್ನಾಲ್ಕು ವರ್ಷ. ಅದೇ ವರ್ಷ ಆಗಸ್ಟ್‌ನಲ್ಲಿ ಈ ಎರಡು ತಂಡಗಳು ಮತ್ತೆ ಎದುರಾದವು, ಸೊವೆಟೊದ ಸ್ಟೇಡಿಯಂನಲ್ಲಿ. 29–22, ನ್ಯೂಜಿಲೆಂಡಿಗೆ.