ವರ್ಷವಿಡೀ ಒಂದೇ ವೇಳೆ: ಬೇಸಿಗೆ ವೇಳೆಯೋ, ಆದರ್ಶ ವೇಳೆಯೋ?

2018ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಯುರೋಪಿಯನ್ ಆಯೋಗ ಜನರ ಮುಂದೆ ಒಂದು ಪ್ರಶ್ನೆ ಇಟ್ಟಿತು. ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್‌ನಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಪದ್ಧತಿ ಇನ್ನೂ ಬೇಕೇ? 46 ಲಕ್ಷ ಉತ್ತರಗಳು ಬಂದವು. ಶೇ. 84ರಷ್ಟು ಮಂದಿ ಬೇಡವೆಂದರು. ಆ ಉತ್ತರಗಳಲ್ಲಿ ಸುಮಾರು 30 ಲಕ್ಷ ಜರ್ಮನಿಯೊಂದರಿಂದಲೇ ಬಂದಿದ್ದವು. ಆದ್ದರಿಂದ ಇದನ್ನು ಇಡೀ ಖಂಡದ ಅಭಿಪ್ರಾಯವೆಂದು ಓದುವಾಗ ಎಚ್ಚರ ಬೇಕು. 2019ರ ಮಾರ್ಚ್ 26ರಂದು ಯುರೋಪಿಯನ್ ಸಂಸತ್ತು 410-192 ಮತಗಳಿಂದ ಪದ್ಧತಿಯನ್ನು 2021ರಲ್ಲಿ ಕೊನೆಗೊಳಿಸಲು ಒಪ್ಪಿತು. ಆದರೆ ಸದಸ್ಯ ರಾಷ್ಟ್ರಗಳ ಮಂಡಳಿಯಲ್ಲಿ ಕಡತ ಮುಂದೆ ಸಾಗಲಿಲ್ಲ. 2021 ಕಳೆಯಿತು, ಗಡಿಯಾರಗಳು ಎಂದಿನಂತೆ ತಿರುಗಿದವು. 2025ರ ಅಕ್ಟೋಬರ್‌ನಲ್ಲಿ ಸ್ಪೇನಿನ ಪ್ರಧಾನಿ ಪೆಡ್ರೊ ಸಾಂಚೆಸ್ ಅದೇ ಬೇಡಿಕೆಯನ್ನು ಮತ್ತೆ ಎತ್ತಬೇಕಾಯಿತು.

ಇಷ್ಟೊಂದು ಒಮ್ಮತವಿರುವ ವಿಷಯ ಇತ್ಯರ್ಥವಾಗದೆ ಉಳಿಯಲು ಕಾರಣ, ಅದರೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿರುವುದು. ಗಡಿಯಾರ ಬದಲಿಸುವುದನ್ನು ನಿಲ್ಲಿಸಬೇಕೇ ಎಂಬುದು ಮೊದಲನೆಯದು. ಇದರ ಬಗ್ಗೆ ದೊಡ್ಡ ತಕರಾರಿಲ್ಲ. ನಿಲ್ಲಿಸಿದ ಮೇಲೆ ವರ್ಷವಿಡೀ ಯಾವ ಗಂಟೆಯಲ್ಲಿ ಬದುಕಬೇಕು ಎಂಬುದು ಎರಡನೆಯದು. ಎಲ್ಲ ಜಗಳವೂ ಇಲ್ಲಿದೆ. ಸ್ಥಿರವಾದ ಬೇಸಿಗೆ ವೇಳೆ, ಅಂದರೆ ವರ್ಷಪೂರ್ತಿ ಒಂದು ಗಂಟೆ ಮುಂದಿರುವ ಗಡಿಯಾರ, ಕಾಗದದ ಮೇಲೆ ಜನಪ್ರಿಯ. ಆದರೆ ಅದನ್ನು ಬದುಕಿ ನೋಡಿದ ಮೂರು ದೊಡ್ಡ ದೇಶಗಳು ಚಳಿಗಾಲದ ಅನುಭವದಿಂದ ಹಿಂದೆ ಸರಿದವು. ಒಂದೇ ವೇಳೆ ಬೇಕೆನ್ನುವವರು ಆದರ್ಶ ವೇಳೆಯನ್ನೇ, ಅಂದರೆ ಗಡಿಯಾರವನ್ನು ಮುಂದಕ್ಕೆ ತಿರುಗಿಸದ ಮೂಲ ವೇಳೆಯನ್ನೇ, ಆರಿಸಬೇಕು ಎಂಬುದು ಈ ಲೇಖನದ ವಾದ.

ಪದ್ಧತಿಯ ಹುಟ್ಟಿನ ಕಥೆ ಚಿಕ್ಕದು. ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್ 1895ರಲ್ಲಿ ವೆಲ್ಲಿಂಗ್ಟನ್ನಿನ ವಿದ್ವತ್ಸಭೆಯ ಮುಂದೆ ಇದನ್ನು ಮಂಡಿಸಿದರು. ಲಂಡನ್ನಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್ 1907ರಲ್ಲಿ ಕಿರುಹೊತ್ತಿಗೆ ಅಚ್ಚುಹಾಕಿಸಿ ಪ್ರಚಾರ ಮಾಡಿದರು. ಕಾಯ್ದೆ ನೋಡುವ ಮೊದಲೇ 1915ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 30ರಂದು ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು ಜರ್ಮನಿ ಗಡಿಯಾರ ತಿರುಗಿಸಿತು, ಮೂರು ವಾರಗಳಲ್ಲಿ ಬ್ರಿಟನ್ ಹಿಂಬಾಲಿಸಿತು. ಭಾರತವೂ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಒಂದು ಗಂಟೆ ಮುಂದಿತ್ತು.

ಈಗ ಪ್ರಯೋಗಗಳಿಗೆ ಬರೋಣ. ತೈಲ ಬಿಕ್ಕಟ್ಟಿನ ನಡುವೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯ್ದೆಯಂತೆ 1974ರ ಜನವರಿ 6ರಿಂದ ದೇಶ ಬೇಸಿಗೆ ವೇಳೆಗೆ ಹೋಯಿತು. ಎರಡು ವರ್ಷ ನಡೆಸಿ ನೋಡುವುದು ಉದ್ದೇಶ. 1973ರ ಡಿಸೆಂಬರ್‌ನಲ್ಲಿ ಶೇ. 79 ಮಂದಿ ಇದನ್ನು ಬೆಂಬಲಿಸಿದ್ದರು. ಫೆಬ್ರವರಿಯ ಹೊತ್ತಿಗೆ ಬೆಂಬಲ ಶೇ. 42ಕ್ಕೆ ಕುಸಿಯಿತು. ಡೆಟ್ರಾಯಿಟ್‌ನಂತಹ ನಗರದಲ್ಲಿ ಜನವರಿಯ ಸೂರ್ಯ ಒಂಬತ್ತು ಗಂಟೆಗೆ ಹುಟ್ಟುತ್ತಿದ್ದ. ಮಕ್ಕಳು ಕತ್ತಲಲ್ಲಿ ರಸ್ತೆ ಬದಿ ನಿಂತು ಶಾಲಾ ಬಸ್ಸಿಗೆ ಕಾಯಬೇಕಾಯಿತು. ಬೆಳಗಿನ ಅಪಘಾತಗಳಲ್ಲಿ ಮಕ್ಕಳು ಸತ್ತ ಸುದ್ದಿಗಳು ಫ್ಲಾರಿಡಾದಿಂದ ಬರತೊಡಗಿದವು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಫೋರ್ಡ್ ಹೊಸ ಕಾಯ್ದೆಗೆ ಸಹಿ ಹಾಕಿ ಚಳಿಗಾಲಕ್ಕೆ ಆದರ್ಶ ವೇಳೆಯನ್ನು ಮರಳಿಸಿದರು. ಎರಡನೇ ಪೂರ್ಣ ಚಳಿಗಾಲವನ್ನು ಕಾಣುವ ಮೊದಲೇ ಪ್ರಯೋಗ ಮುಗಿದಿತ್ತು.

ಬ್ರಿಟನ್ನಿನ ಉದಾಹರಣೆ ನನ್ನ ವಾದಕ್ಕೆ ಅಷ್ಟು ಸುಲಭವಾಗಿ ಒದಗುವುದಿಲ್ಲ, ಆದ್ದರಿಂದಲೇ ಅದನ್ನು ನಿಧಾನವಾಗಿ ನೋಡಬೇಕು. 1968ರ ಅಕ್ಟೋಬರ್ 27ರಿಂದ 1971ರ ಅಕ್ಟೋಬರ್ 31ರವರೆಗೆ ಬ್ರಿಟನ್ ವರ್ಷಪೂರ್ತಿ ಗ್ರೀನಿಚ್‌ಗಿಂತ ಒಂದು ಗಂಟೆ ಮುಂದಿತ್ತು. ಬೆಳಗಿನ ರಸ್ತೆ ಅಪಘಾತಗಳು ಹೆಚ್ಚಿದವು. ಸಂಜೆಯವು ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇಳಿದವು. ಒಟ್ಟು ಲೆಕ್ಕ ಬೇಸಿಗೆ ವೇಳೆಯ ಪರವಾಗಿತ್ತು. ಆದರೂ 1970ರ ಡಿಸೆಂಬರ್ 2ರಂದು ಸಂಸತ್ತಿನ ಕೆಳಮನೆ 366-81 ಮತಗಳಿಂದ ಪ್ರಯೋಗವನ್ನು ತಿರಸ್ಕರಿಸಿತು. ಇದನ್ನು ಭಾವುಕತೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮೊದಲನೆಯದಾಗಿ, ಕುಡಿದು ವಾಹನ ಓಡಿಸುವವರ ಉಸಿರು ಪರೀಕ್ಷೆ 1967ರ ಅಕ್ಟೋಬರ್‌ನಲ್ಲಷ್ಟೇ ಆರಂಭವಾಗಿತ್ತು. ಸಂಜೆಯ ಇಳಿಕೆಯಲ್ಲಿ ಅದರ ಪಾಲೆಷ್ಟು, ಬೆಳಕಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡನೆಯದು ಇನ್ನೂ ಮುಖ್ಯ. ಲಾಭ ದೇಶದ ಮೇಲೆಲ್ಲ ತೆಳುವಾಗಿ ಹರಡಿತು, ನಷ್ಟ ಮಾತ್ರ ಕೆಲವರ ತಲೆಯ ಮೇಲೆ ದಿನಾ ಬಿತ್ತು. ಉತ್ತರ ಸ್ಕಾಟ್ಲೆಂಡಿನಲ್ಲಿ ಚಳಿಗಾಲದ ಸೂರ್ಯ ಹತ್ತು ಗಂಟೆಯ ಹೊತ್ತಿಗೆ ಕಾಣುತ್ತಿದ್ದ. ಹಾಲು ಹಾಕುವವರು, ಕಟ್ಟಡ ಕಾರ್ಮಿಕರು, ದನ ಕಾಯುವವರು ಕೆಲಸದ ಮೊದಲ ಗಂಟೆಗಳನ್ನು ಕತ್ತಲಲ್ಲಿ ಕಳೆದರು. ಇಂತಹ ನೀತಿಯನ್ನು ಸರಾಸರಿಯಿಂದ ಮಾತ್ರ ಅಳೆಯುವುದು ನ್ಯಾಯವಲ್ಲ.

ರಷ್ಯಾ 2011ರಲ್ಲಿ ಅಧ್ಯಕ್ಷ ಮೆಡ್ವೆಡೆವ್ ಕಾಲದಲ್ಲಿ ಸ್ಥಿರ ಬೇಸಿಗೆ ವೇಳೆಗೆ ಹೋಯಿತು. ಡಿಸೆಂಬರ್ ಕೊನೆಯಲ್ಲಿ ಮಾಸ್ಕೊದಲ್ಲಿ ಸೂರ್ಯೋದಯ ಹತ್ತು ಗಂಟೆಗೆ. 2014ರ ಅಕ್ಟೋಬರ್ 26ರಂದು ಆದರ್ಶ ವೇಳೆಗೆ ಮರಳಿತು. ಆಮೇಲೂ ಕೆಲವು ಪ್ರಾಂತಗಳು ಒಂದು ಗಂಟೆ ಮುಂದಕ್ಕೆ ಸರಿದವು. ಅವುಗಳಲ್ಲಿ ವೋಲ್ಗೊಗ್ರಾದ್ 2018ರಲ್ಲಿ ಮುಂದಕ್ಕೆ ಹೋಗಿ 2020ರ ಡಿಸೆಂಬರ್‌ನಲ್ಲಿ ಹಿಂದಕ್ಕೆ ಬಂತು. ಇದಕ್ಕೆ ಎದುರು ಸಾಕ್ಷ್ಯವೂ ಇದೆ: ಟರ್ಕಿ 2016ರಿಂದ ಸ್ಥಿರ ಬೇಸಿಗೆ ವೇಳೆಯಲ್ಲೇ ಇದೆ, ಇಸ್ತಾಂಬುಲ್‌ನಲ್ಲಿ ಚಳಿಗಾಲದ ಸೂರ್ಯೋದಯ ಸುಮಾರು ಎಂಟೂವರೆಗೆ. ಹಾಗಾಗಿ ಇದು ನಡೆಯಲಾರದ ವ್ಯವಸ್ಥೆ ಎನ್ನಲು ಬರುವುದಿಲ್ಲ. ದೇಹ ಅದಕ್ಕೆ ತೆರುವ ಬೆಲೆ ಏನೆಂಬುದೇ ಕೇಳಬೇಕಾದ ಪ್ರಶ್ನೆ.

ಮನುಷ್ಯರ ಜೈವಿಕ ಗಡಿಯಾರದ ಸುತ್ತು ಸರಾಸರಿಯಲ್ಲಿ 24 ಗಂಟೆಗಿಂತ ತುಸು ಉದ್ದ. ದಿನವೂ ಅದನ್ನು ಸರಿಪಡಿಸುವುದು ಬೆಳಗಿನ ಬೆಳಕು. ಸಂಜೆಯ ಬೆಳಕು ಅದನ್ನು ಮತ್ತಷ್ಟು ಹಿಂದಕ್ಕೆ ತಳ್ಳುತ್ತದೆ. ಸ್ಥಿರ ಬೇಸಿಗೆ ವೇಳೆ ಬೆಳಗಿನ ಬೆಳಕನ್ನು ಕಿತ್ತು ಸಂಜೆಗೆ ಕೊಡುತ್ತದೆ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ ಸಂಗತಿ ಇಲ್ಲಿ ನಿರ್ಣಾಯಕ. ದೇಶದ ಪೂರ್ವ ತುದಿಗೂ ಪಶ್ಚಿಮ ತುದಿಗೂ ಸೂರ್ಯೋದಯದಲ್ಲಿ 36 ನಿಮಿಷಗಳ ಅಂತರ, ಗೋಡೆ ಗಡಿಯಾರ ಒಂದೇ. ಆದರೆ ಜನರ ನಿದ್ರೆಯ ವೇಳೆ ಗೋಡೆ ಗಡಿಯಾರವನ್ನಲ್ಲ, ಸೂರ್ಯನನ್ನು ಅನುಸರಿಸಿ ಪಶ್ಚಿಮಕ್ಕೆ ಹೋದಂತೆ ತಡವಾಗುತ್ತಿತ್ತು. ಈ ನಂಟು ಸಣ್ಣ ಊರುಗಳಲ್ಲಿ ಬಿಗಿ, ಮಹಾನಗರಗಳಲ್ಲಿ ಸಡಿಲ. ಸ್ವೀಡನ್ನಿನಲ್ಲಿ ಗಡಿಯಾರ ಮುಂದಕ್ಕೆ ಹೋದ ಮೊದಲ ವಾರ ಹೃದಯಾಘಾತಗಳು ಸುಮಾರು ಶೇ. 5ರಷ್ಟು ಹೆಚ್ಚುತ್ತವೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ಬದಲಾವಣೆಯನ್ನು ನಿಲ್ಲಿಸಲು ಕಾರಣ ಕೊಡುತ್ತದೆ. ರೋನೆಬರ್ಗ್ ಅವರದು ಯಾವ ವೇಳೆಯಲ್ಲಿ ನಿಲ್ಲಿಸಬೇಕೆಂದು ಹೇಳುತ್ತದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2020ರಲ್ಲಿ ಸ್ಥಿರ ಆದರ್ಶ ವೇಳೆಯ ಪರ ನಿಂತದ್ದು ಇಂತಹ ಪುರಾವೆಗಳ ಬಲದಿಂದ. ಆದರೂ 2022ರ ಮಾರ್ಚ್‌ನಲ್ಲಿ ಅಲ್ಲಿನ ಸೆನೆಟ್ ಸ್ಥಿರ ಬೇಸಿಗೆ ವೇಳೆಯ ಮಸೂದೆಯನ್ನು ಯಾರ ಆಕ್ಷೇಪವೂ ಇಲ್ಲದೆ ಒಪ್ಪಿತು. ಪ್ರತಿನಿಧಿ ಸಭೆ ಅದನ್ನು ಮತಕ್ಕೆ ಹಾಕಲಿಲ್ಲ.

ವಿದ್ಯುತ್ ಉಳಿತಾಯದ ವಾದ ಈಗ ಸೊರಗಿದೆ. ಇಂಡಿಯಾನಾ ರಾಜ್ಯ 2006ರಲ್ಲಿ ಎಲ್ಲೆಡೆ ಬೇಸಿಗೆ ವೇಳೆ ತಂದಾಗ ಮನೆಬಳಕೆಯ ವಿದ್ಯುತ್ ಸುಮಾರು ಶೇ. 1ರಷ್ಟು ಏರಿತು. ದೀಪದಲ್ಲಿ ಉಳಿದದ್ದಕ್ಕಿಂತ ಹೆಚ್ಚು ಹವಾನಿಯಂತ್ರಣದಲ್ಲಿ ಖರ್ಚಾಯಿತು.

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ, ಬೆಂಗಳೂರಿನ ಕಚೇರಿಗಳಲ್ಲಿ ಮಾರ್ಚ್-ನವೆಂಬರ್‌ಗಳಲ್ಲಿ ಅಮೆರಿಕದ ಜೊತೆಗಿನ ಮೀಟಿಂಗ್‌ಗಳು ಒಂದು ಗಂಟೆ ಸರಿಯುವುದಷ್ಟೇ ಇದಕ್ಕೆ ಕಾರಣವೂ ಅಲ್ಲ. ಭಾರತದ ಆದರ್ಶ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರಿನ ಸ್ಥಳೀಯ ವೇಳೆ ಅದಕ್ಕಿಂತ ಸುಮಾರು 20 ನಿಮಿಷ ಹಿಂದೆ, ಮಂಗಳೂರಿನದು ಸುಮಾರು 30 ನಿಮಿಷ ಹಿಂದೆ. ಅಂದರೆ ನಾವು ವರ್ಷಪೂರ್ತಿ ಅರ್ಧ ಬೇಸಿಗೆ ವೇಳೆಯಷ್ಟು ಮುಂದಿರುವ ಗಡಿಯಾರದಲ್ಲಿ ಈಗಾಗಲೇ ಬದುಕುತ್ತಿದ್ದೇವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜಾ, ದೇಶದ ವೇಳೆಯನ್ನು ಇನ್ನೂ ಅರ್ಧ ಗಂಟೆ ಮುಂದಕ್ಕೆ, ಗ್ರೀನಿಚ್‌ಗಿಂತ ಸರಿಯಾಗಿ ಆರು ಗಂಟೆಗೆ, ಶಾಶ್ವತವಾಗಿ ಒಯ್ಯಬೇಕೆಂದು ವಾದಿಸಿದರು. ವರ್ಷಕ್ಕೆ 200 ಕೋಟಿಗೂ ಹೆಚ್ಚು ಯೂನಿಟ್ ವಿದ್ಯುತ್ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಎರಡು ಕಾಲವಲಯಗಳ ಗೊಂದಲವಿಲ್ಲದೆ, ಸೂರ್ಯ ಬೇಗ ಹುಟ್ಟಿ ಬೇಗ ಮುಳುಗುವ ಈಶಾನ್ಯಕ್ಕೂ ನೆರವಾಗುವ ಈ ಸಲಹೆಯ ಹಿಂದಿನ ಕಾಳಜಿಗೆ ನಾನು ಗೌರವ ಕೊಡುತ್ತೇನೆ. ಅಸ್ಸಾಮಿನ ಚಹಾ ತೋಟಗಳು ಇಂದಿಗೂ ಒಂದು ಗಂಟೆ ಮುಂದಿನ ತೋಟದ ವೇಳೆಯನ್ನು ಪಾಲಿಸುತ್ತಿರುವುದು ಆ ಭಾಗದ ಕಷ್ಟ ನಿಜವೆಂದು ಹೇಳುತ್ತದೆ. ಆದರೆ ಆ ಲೆಕ್ಕ ನಿಂತಿರುವುದು ಸಂಜೆಯ ದೀಪದ ಹೊರೆಯ ಮೇಲೆ. ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದ ಮೇಲೆ ಆ ಹೊರೆ ತಗ್ಗಿದೆ.

ಮಕ್ಕಳ ನಿದ್ರೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಅರ್ಥಶಾಸ್ತ್ರಜ್ಞ ಮೌಲಿಕ್ ಜಗನಾನಿ ಭಾರತದ ಅಂಕಿಅಂಶಗಳಿಂದ ತೋರಿಸಿದಂತೆ, ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ರೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ. ಮಲಗುವುದು ತಡವಾಗುತ್ತದೆ, ಶಾಲೆಯ ಗಂಟೆ ಮಾತ್ರ ಕಾಯುವುದಿಲ್ಲ. ಪರಿಣಾಮ ಓದಿನ ವರ್ಷಗಳ ಮೇಲೂ ಬೀಳುತ್ತದೆ, ಬಡ ಮನೆಗಳಲ್ಲಿ ಹೆಚ್ಚಾಗಿ. ಮಂಗಳೂರಿನಲ್ಲಿ ಜನವರಿಯ ಸೂರ್ಯ ಈಗಲೇ ಏಳು ಗಂಟೆಯ ಹೊತ್ತಿಗೆ ಹುಟ್ಟುತ್ತಾನೆ. ಅರ್ಧ ಗಂಟೆ ಮುಂದಿಟ್ಟರೆ ಏಳೂವರೆ. ಆ ಹೊತ್ತಿಗೆ ಮಕ್ಕಳು ಬಸ್ಸಿನಲ್ಲಿರುತ್ತಾರೆ.

ಹಾಗಾಗಿ ನನ್ನ ನಿಲುವು ಸ್ಪಷ್ಟ: ಗಡಿಯಾರ ತಿರುಗಿಸುವ ದೇಶಗಳು ಅದನ್ನು ನಿಲ್ಲಿಸಲಿ, ಆದರ್ಶ ವೇಳೆಯಲ್ಲೇ ನಿಲ್ಲಿಸಲಿ, ಭಾರತ ತನ್ನ ವೇಳೆಯನ್ನು ಮುಂದಕ್ಕೆ ತಳ್ಳದಿರಲಿ. ಈಶಾನ್ಯದ ಸಮಸ್ಯೆಗೆ ಕಚೇರಿ ಮತ್ತು ಶಾಲೆಯ ವೇಳಾಪಟ್ಟಿಯನ್ನು ಅಲ್ಲಿನ ಸೂರ್ಯನಿಗೆ ಹೊಂದಿಸುವುದೇ ದಾರಿ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಲ್ಲಿ ಒಂದು ಕೋರಿಕೆಯೂ ಇದೆ. ಕೋಲಾರಕ್ಕೂ ಕಾರವಾರಕ್ಕೂ ಗಡಿಯಾರ ಒಂದೇ, ಸೂರ್ಯನ ಅಂತರ ಸುಮಾರು 16 ನಿಮಿಷ. ಈ ಎರಡು ಊರುಗಳ ಸರ್ಕಾರಿ ಶಾಲೆಯ ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಮೊದಲ ಪಾಠಕ್ಕೆ ಎಷ್ಟು ಎಚ್ಚರವಾಗಿರುತ್ತಾರೆ ಎಂಬುದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಶಾಲಾ ವೇಳೆಯ ಬಗ್ಗೆ ಮುಂದಿನ ಆದೇಶ ಹೊರಡುವ ಮೊದಲು ಆ ಅಳತೆ ಆಗಲಿ.